ಮೈಸೂರು ಸಂಸ್ಥಾನದ ಸರಕಾರಿ ವಾಸ್ತುಶಿಲ್ಪಿ ಓಟ್ಟೋ ಕೋನಿಗ್ಸ್‌ಬರ್ಗರ್



ನಮ್ಮ ಸೇಲಂ, ಧರ್ಮಪುರಿ ಸೀಮೆಯವರಲ್ಲಿ ಮೆಟ್ಟೂರಿನ ಅಣೆಕಟ್ಟನ್ನು ಕಾಣದವರು ವಿರಳ. ಕೊಡಗಿನಲ್ಲಿ ಹುಟ್ಟಿ, ಕನ್ನಡ ನಾಡನ್ನು ಹಾದು, ಹೊಗೇನಕಲ್ಲಿನಲ್ಲಿ ಧುಮುಕಿ ಬರುವ ಕಾವೇರಿಯನ್ನು ಅಲ್ಲಿ ತಡೆದು ನಿಲ್ಲಿಸಿದೆ. ೧೯೩೪ರಲ್ಲಿ ಮುಗಿದ ಆ ಕಟ್ಟಡದ ಜಲಾಶಯಕ್ಕೆ ಅಂದಿನ ಮದರಾಸು ಗವರ್ನರ್ ಆಗಿದ್ದ ಸ್ಟಾನ್ಲಿಯವರ ಹೆಸರಿದೆ. ಆದರೆ ಅದರ ನಕ್ಷೆಯನ್ನು ಬರೆದವರಾರು, ಕಲ್ಲುಗಳ ಲೆಕ್ಕ ಹಾಕಿದವರಾರು ಎಂದು ಕೇಳಿದರೆ ಉತ್ತರ ಹೇಳುವವರು ನೂರಕ್ಕೊಬ್ಬರಿಲ್ಲ. ಸಾರ್ವಜನಿಕ ಕಟ್ಟಡಗಳ ಗತಿಯೇ ಹಾಗೆ. ಶಿಲಾಫಲಕದಲ್ಲಿ ಕಟ್ಟಿಸಿದವರ ಹೆಸರಿರುತ್ತದೆ; ಉಪಯೋಗವು ಜನರದಾಗಿರುತ್ತದೆ; ರೂಪ ಕೊಟ್ಟವನು ಕಡತಗಳಲ್ಲಿ ಮರೆಯಾಗುತ್ತಾನೆ.

ಹೀಗೆ ಮರೆಯಾದವರಲ್ಲಿ ಒಬ್ಬರಾದ, ೧೯೩೯ರಿಂದ ೧೯೪೮ರವರೆಗೆ ಮೈಸೂರು ಸಂಸ್ಥಾನದ ಸರಕಾರಿ ವಾಸ್ತುಶಿಲ್ಪಿಯಾಗಿದ್ದ ಓಟ್ಟೋ ಕೋನಿಗ್ಸ್‌ಬರ್ಗರ್ ಅವರ ಜೀವನವನ್ನು ಈ ವರ್ಷದ ಸಂಚಿಕೆಯಲ್ಲಿ ತಿಳಿಸಬೇಕೆಂದು ನನಗೆ ತೋರಿದುದಕ್ಕೆ ಒಂದು ಕಾರಣವುಂಟು. ನಮ್ಮ ಸಂಘದವರು ಶಾಲೆಗೆ ಎರಡು ಹೊಸ ಕೊಠಡಿಗಳನ್ನು ಕಟ್ಟಿಸಬೇಕೆಂದು ಸಂಕಲ್ಪಿಸಿದ್ದಾರೆ. ಹಿಂದೊಮ್ಮೆ ಇಂಥದೇ ಸಂದರ್ಭದಲ್ಲಿ ನಾನೊಂದು ತಪ್ಪು ಮಾಡಿದೆನು. ಶಾಲೆಯ ಪಡುವಣ ತುದಿಯಲ್ಲಿರುವ ಕೊಠಡಿಯ ಕಿಟಕಿಗಳು ರಸ್ತೆಯ ಕಡೆಗಿದ್ದರೆ ನೋಟಕ್ಕೆ ಚೆನ್ನೆಂದು ಭಾವಿಸಿ ನಕ್ಷೆಗೆ ಒಪ್ಪಿಗೆ ಕೊಟ್ಟೆನು. ಇಂದು ಮಧ್ಯಾಹ್ನ ಎರಡು ಗಂಟೆಯಾದೊಡನೆ ಆ ಕೊಠಡಿಯ ಮಕ್ಕಳು ಪುಸ್ತಕವನ್ನು ಓದುವುದಕ್ಕೆ ಬದಲಾಗಿ ಬಿಸಿಲಿಗೆ ಅಡ್ಡ ಹಿಡಿಯುತ್ತಾರೆ. ಗಾರೆ ಕೆಲಸದವನ ದೋಷವಲ್ಲ, ಹಣ ಕೊಟ್ಟವರ ದೋಷವೂ ಅಲ್ಲ. ಸೂರ್ಯನು ಯಾವ ದಿಕ್ಕಿನಲ್ಲಿ ಇಳಿಯುತ್ತಾನೆಂಬುದನ್ನು ದಿನವೂ ಪಾಠ ಹೇಳುತ್ತಿದ್ದ ನನ್ನ ದೋಷ. ಕೋನಿಗ್ಸ್‌ಬರ್ಗರ್ ತಮ್ಮ ಆಯುಷ್ಯದ ಬಹುಭಾಗವನ್ನು ವೆಚ್ಚ ಮಾಡಿದುದು ಇಂಥ ತಪ್ಪುಗಳು ನಡೆಯದಂತೆ ನೋಡಿಕೊಳ್ಳುವ ವಿದ್ಯೆಗಾಗಿಯೇ.

ಜನನ ಮತ್ತು ದೇಶಭ್ರಷ್ಟತೆ

ಕೋನಿಗ್ಸ್‌ಬರ್ಗರ್ ೧೯೦೮ನೆಯ ಇಸವಿ ಅಕ್ಟೋಬರ್ ೧೩ರಂದು ಜರ್ಮನಿಯ ರಾಜಧಾನಿ ಬರ್ಲಿನ್ನಿನಲ್ಲಿ ಜನಿಸಿದರು. ತಂದೆ ಗೆಯೋರ್ಗ್ ಅವರೂ ವಾಸ್ತುಶಿಲ್ಪಿಗಳೇ. ತಾಯಿಯ ಸೋದರರು, ಮುಂದೆ ಭೌತಶಾಸ್ತ್ರದಲ್ಲಿ ನೊಬೆಲ್ ಪಾರಿತೋಷಕ ಪಡೆದ ಮ್ಯಾಕ್ಸ್ ಬಾರ್ನ್. ಬಾಲಕನು ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಜಿಗ್ ಎಂಬ ಹೆಸರಾಂತ ಗುರುಗಳ ಕೈಕೆಳಗೆ ಕಲಿತು, ೧೯೩೩ರಲ್ಲಿ ಷಿಂಕೆಲ್ ಪಾರಿತೋಷಕವನ್ನು ಗಳಿಸಿದನು. ತರುಣ ವಾಸ್ತುಶಿಲ್ಪಿಗೆ ಆ ದೇಶದಲ್ಲಿ ದೊರೆಯುತ್ತಿದ್ದ ದೊಡ್ಡ ಗೌರವಗಳಲ್ಲಿ ಅದೂ ಒಂದು.

ಅದೇ ವರ್ಷ ಹಿಟ್ಲರನು ಅಧಿಕಾರಕ್ಕೆ ಬಂದನು. ಏಪ್ರಿಲ್ ತಿಂಗಳಲ್ಲಿ ಯೆಹೂದಿ ವಂಶದವರನ್ನು ಸರಕಾರಿ ಕೆಲಸಗಳಿಂದ ಹೊರದೂಡುವ ಶಾಸನ ಹೊರಟಿತು. ಪಾರಿತೋಷಕ ಪಡೆದ ವರ್ಷದಲ್ಲಿಯೇ ಕೋನಿಗ್ಸ್‌ಬರ್ಗರರ ಪಾಲಿಗೆ ತಾಯ್ನಾಡಿನ ಬಾಗಿಲು ಮುಚ್ಚಿತು. ಸೋದರಮಾವನಾದ ಬಾರ್ನ್ ಅವರಿಗೂ ಅದೇ ಪಾಡಾಯಿತು. ಜಾಣತನ, ಪರಿಶ್ರಮ, ಬಿರುದು ಇವೊಂದೂ ಅಂದು ಕಾಯಲಿಲ್ಲ.

ದೇಶ ಬಿಟ್ಟ ತರುಣನು ಈಜಿಪ್ಟಿನ ಕೈರೋ ನಗರಕ್ಕೆ ಹೋಗಿ, ಪ್ರಾಚೀನ ಕಟ್ಟಡಗಳ ಸಂಶೋಧಕರಾದ ಲುಡ್ವಿಗ್ ಬೋರ್ಖಾರ್ಟ್ ಅವರ ಬಳಿ ಕೆಲಸ ಮಾಡಿದನು. ಅಲ್ಲಿ ಆತ ಬರೆದ ಪ್ರಬಂಧದ ವಿಷಯ, ಪ್ರಾಚೀನ ಈಜಿಪ್ಟಿನವರು ಬಾಗಿಲನ್ನು ಹೇಗೆ ಮಾಡುತ್ತಿದ್ದರು ಎಂಬುದು. ಕೇಳುವುದಕ್ಕೆ ಅಲ್ಪವೆನಿಸಬಹುದು. ಆದರೆ ಮರ ದುರ್ಲಭವಾದ, ಬಿಸಿಲು ವಿಪರೀತವಾದ ನಾಡಿನಲ್ಲಿ ಒಂದು ಬಾಗಿಲನ್ನು ಮಾಡಬೇಕಾದರೂ ಸಾವಿರಾರು ವರ್ಷಗಳ ಅನುಭವ ಬೇಕೆಂಬುದನ್ನು ಆತ ಅಲ್ಲಿ ಕಂಡುಕೊಂಡನು.

ಮೈಸೂರಿಗೆ ಆಗಮನ

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಮ್ಯಾಕ್ಸ್ ಬಾರ್ನ್ ೧೯೩೫ರಲ್ಲಿ ಬಂದು ಕೆಲವು ತಿಂಗಳು ತಂಗಿದ್ದರು. ಅನಂತರ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾದರು. ಮಾವ ಬಂದುಹೋದ ಊರಿಗೆ ನಾಲ್ಕು ವರ್ಷಗಳ ತರುವಾಯ ಸೋದರಳಿಯನೂ ಬಂದನು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲ ಅದು. ನಗರಗಳು ಅಂದವಾಗಿರಬೇಕೆಂಬ ವಿಷಯದಲ್ಲಿ ದಿವಾನರಿಗೆ ಅಪಾರ ಆಸಕ್ತಿ. ೧೯೩೯ರಲ್ಲಿ ಮೂವತ್ತು ವರ್ಷದ ಕೋನಿಗ್ಸ್‌ಬರ್ಗರರನ್ನು ಸಂಸ್ಥಾನದ ಸೇವೆಗೆ ತೆಗೆದುಕೊಂಡರು.

ದಿವಾನರಿಗೆ ಗುಮ್ಮಟ, ಕಮಾನು, ಅಲಂಕಾರಗಳು ಪ್ರಿಯ. ಬರ್ಲಿನ್ನಿನಲ್ಲಿ ಕಲಿತ ಶಿಲ್ಪಿಗಾದರೋ ನಿರಾಡಂಬರವಾದ ಗೋಡೆ, ನೇರವಾದ ಉಪಯೋಗ, ಗಾಳಿ ಬೆಳಕು ಇವು ಪ್ರಿಯ. ಸರಕಾರಿ ನೌಕರನಾದವನು ತನ್ನ ರುಚಿಯೊಂದನ್ನೇ ನಡೆಸಲಾಗದು. ಮೇಲಿನವರ ಅಪೇಕ್ಷೆ, ಖಜಾನೆಯ ಮಿತಿ, ಜನರ ಅಭ್ಯಾಸ ಇವೆಲ್ಲವನ್ನೂ ಹೊಂದಿಸಿಕೊಂಡು ಹೋಗಬೇಕು. ಅದರ ಮೇಲೆ ೧೯೩೯ರ ಸೆಪ್ಟೆಂಬರಿನಲ್ಲಿ ಮಹಾಯುದ್ಧವೂ ಆರಂಭವಾಯಿತು. ಉಕ್ಕು, ಸಿಮೆಂಟು ದುರ್ಲಭವಾದವು. ಆಗ ಊರಿನ ಕಲ್ಲು, ಇಟ್ಟಿಗೆ, ಸುಣ್ಣ, ಹಂಚುಗಳನ್ನು ನೆಚ್ಚಿಕೊಳ್ಳದೆ ಅನ್ಯಮಾರ್ಗವಿರಲಿಲ್ಲ. ಈ ಕೊರತೆಯೇ ಅವರಿಗೆ ಎರಡನೆಯ ವಿದ್ಯಾಲಯವಾಯಿತೆಂದು ಹೇಳಬಹುದು.

ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರ ವಿಭಾಗದ ಕಟ್ಟಡ, ಲೋಹಶಾಸ್ತ್ರ ವಿಭಾಗದ ಕಟ್ಟಡ, ವಿದ್ಯಾರ್ಥಿಗಳ ಭೋಜನಶಾಲೆ ಮತ್ತು ಸಭಾಮಂದಿರ ಇವು ಅವರ ಕೃತಿಗಳು. ೧೯೪೬ರ ವಿಕ್ಟರಿ ಹಾಲ್ ಎಂಬ ಸಭಾಭವನವೂ ಬೆಂಗಳೂರಿನಲ್ಲಿ ಅವರು ಮಾಡಿದುದೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆಯುತ್ತಿದ್ದ ಊರಿಗೂ ಅವರು ನಕ್ಷೆ ಬರೆದರು. ನಮ್ಮಲ್ಲಿ ಹೊಸೂರು, ಡೆಂಕಣಿಕೋಟೆಗಳ ಕಡೆಯವರು ಬೆಂಗಳೂರಿಗೆ ಹೋಗಿಬರುವುದು ವಾಡಿಕೆಯಷ್ಟೆ. ವಿಜ್ಞಾನ ಮಂದಿರವನ್ನು ನೋಡುವ ಅವಕಾಶ ದೊರೆತರೆ ಈ ಹೆಸರನ್ನು ನೆನೆಯಿರಿ.

ಬಿಸಿಲಿನ ಲೆಕ್ಕ

ಈಗ ಅವರ ವಿದ್ಯೆಯ ಸಾರವನ್ನು ನಮ್ಮ ಊರಿಗೇ ಅನ್ವಯಿಸಿ ನೋಡೋಣ. ವಿದ್ಯಾರ್ಥಿಗಳು ಭೂಗೋಳದ ಪಾಠವನ್ನು ನೆನಪಿಗೆ ತಂದುಕೊಳ್ಳಬೇಕು.

ಧರ್ಮಪುರಿಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೧೨ ಡಿಗ್ರಿಯಲ್ಲಿದೆ. ಸೇಲಂ ಅದಕ್ಕೆ ಸ್ವಲ್ಪ ದಕ್ಷಿಣಕ್ಕೆ. ಆದುದರಿಂದ ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲೊಮ್ಮೆ ನಡುಹಗಲಿನ ಸೂರ್ಯನು ಸರಿಯಾಗಿ ನಮ್ಮ ನೆತ್ತಿಯ ಮೇಲಿರುತ್ತಾನೆ. ಇವೆರಡರ ನಡುವಣ ತಿಂಗಳುಗಳಲ್ಲಿ ಉತ್ತರಕ್ಕೂ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೂ ವಾಲಿರುತ್ತಾನೆ. ಜೂನ್ ತಿಂಗಳಲ್ಲಿ ಉತ್ತರಕ್ಕೆ ವಾಲುವುದು ಸುಮಾರು ಹನ್ನೊಂದೂವರೆ ಡಿಗ್ರಿ ಮಾತ್ರ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲುವುದು ಸುಮಾರು ಮೂವತ್ತೈದೂವರೆ ಡಿಗ್ರಿ.

ಇದರಿಂದ ಏನು ಸಿದ್ಧಿಸುತ್ತದೆ? ಉತ್ತರದ ಗೋಡೆಯಲ್ಲಿ ೪ ಅಡಿ ಎತ್ತರದ ಕಿಟಕಿಯಿದ್ದರೆ, ಅದರ ಮೇಲೆ ೧ ಅಡಿಯ ಸೂರು ಹೊರಚಾಚಿದರೂ ನಡುಹಗಲಿನ ಬಿಸಿಲು ಒಳಕ್ಕೆ ಬಾರದು. ದಕ್ಷಿಣದ ಕಿಟಕಿಗೆ ಸುಮಾರು ೩ ಅಡಿಯ ಸೂರು ಸಾಕು. ತ್ರಿಕೋನಮಿತಿ ಬಲ್ಲ ಮೇಲಿನ ತರಗತಿಯವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಆದರೆ ಮೂಡಣ, ಪಡುವಣ ಗೋಡೆಗಳ ವಿಷಯ ಬೇರೆ. ಬೆಳಗ್ಗೆ, ಸಂಜೆ ಸೂರ್ಯನು ಕೆಳಗಿರುವುದರಿಂದ ಕಿರಣಗಳು ಅಡ್ಡಲಾಗಿ ನುಗ್ಗುತ್ತವೆ. ಎಷ್ಟು ಉದ್ದದ ಸೂರನ್ನು ಚಾಚಿದರೂ ತಡೆಯುವುದು ಕಷ್ಟ. ಪಡುವಣ ಗೋಡೆಯಂತೂ, ಗಾಳಿಯೂ ನೆಲವೂ ಕಾದಿರುವ ಹೊತ್ತಿನಲ್ಲಿಯೇ ಬಿಸಿಲನ್ನೂ ಹೀರಿಕೊಳ್ಳುತ್ತದೆ. ಆದಕಾರಣ ಬಿಸಿನಾಡಿನ ಶಾಲೆಯ ಉದ್ದವು ಮೂಡಣದಿಂದ ಪಡುವಣಕ್ಕಿರಬೇಕು. ಕಿಟಕಿಗಳು ಉತ್ತರ ದಕ್ಷಿಣಗಳಲ್ಲಿ ಎದುರುಬದುರಾಗಿರಬೇಕು. ಪಡುವಣದ ಗೋಡೆ ಸಾಧ್ಯವಾದಷ್ಟು ಗಿಡ್ಡದಾಗಿ, ಕಿಟಕಿಯಿಲ್ಲದೆ, ಮರಗಳ ನೆರಳಿನಲ್ಲಿರಬೇಕು.

ನಮ್ಮ ಹಿರಿಯರು ಈ ಲೆಕ್ಕವನ್ನು ಕಾಗದದ ಮೇಲೆ ಬರೆಯದಿದ್ದರೂ ಕೈಯಲ್ಲಿ ಬಲ್ಲವರಾಗಿದ್ದರು. ಮಣ್ಣಿನ ದಪ್ಪ ಗೋಡೆ ಹಗಲಿನ ಶಾಖವನ್ನು ಹೀರಿ ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಅದು ಒಳಮುಖಕ್ಕೆ ತಲಪುವ ವೇಳೆಗೆ ಸಂಜೆಯಾಗಿರುತ್ತದೆ. ಜಗುಲಿಯು ಗೋಡೆಗೆ ನೆರಳು ಕೊಡುತ್ತದೆ. ತೊಟ್ಟಿ ಮನೆಯ ನಡುವಣ ಬಯಲು ರಾತ್ರಿಯಲ್ಲಿ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಹಾಗೆಂದು ಹಳೆಯದೆಲ್ಲವೂ ಎಲ್ಲೆಡೆಯೂ ಸರಿಯೆನ್ನಲಾಗದು. ಹಗಲಿನಲ್ಲಿ ಮಾತ್ರ ಉಪಯೋಗಿಸುವ ಶಾಲೆಗೆ ದಪ್ಪ ಗೋಡೆ ಹಿತ. ಸಂಜೆಯ ಮೇಲೆ ಶಾಖ ಬಂದರೆ ಅಲ್ಲಿ ಕುಳಿತಿರುವವರಾರೂ ಇಲ್ಲ. ಆದರೆ ರಾತ್ರಿ ಮಲಗುವ ಕೋಣೆಗೆ ಅದೇ ಗೋಡೆ ಸೆಕೆಯನ್ನು ತರಬಹುದು. ತಗಡಿನ ಮಾಡಿನದು ಇದಕ್ಕೆ ವಿಪರೀತ: ರಾತ್ರಿ ಬೇಗ ತಣಿಯುತ್ತದೆ, ಹಗಲಿನಲ್ಲಿ ಒಲೆಯಂತೆ ಕಾಯುತ್ತದೆ. ಆದುದರಿಂದ ಯಾವ ಕಟ್ಟಡವನ್ನು ಯಾರು, ಯಾವ ಹೊತ್ತಿನಲ್ಲಿ ಉಪಯೋಗಿಸುತ್ತಾರೆಂಬುದೇ ಮೊದಲ ಪ್ರಶ್ನೆ.

ಈ ವಿಚಾರವನ್ನು ಯಾರು ಬೇಕಾದರೂ ನಡೆಸಬಹುದಾದ ಕ್ರಮಕ್ಕೆ ಕೋನಿಗ್ಸ್‌ಬರ್ಗರರೂ ಅವರ ಸಹೋದ್ಯೋಗಿಗಳೂ ಮುಂದೆ ತಂದರು. ಸಹೋದ್ಯೋಗಿಯೊಬ್ಬರ ಹೆಸರಿನಿಂದ ಮಹೋನಿ ಕೋಷ್ಟಕಗಳೆಂದು ಕರೆಯುವ ಇವನ್ನು ವಿಶ್ವಸಂಸ್ಥೆ ೧೯೭೧ರಲ್ಲಿ ಪ್ರಕಟಿಸಿತು. ಒಂದೂರಿನ ಹನ್ನೆರಡು ತಿಂಗಳುಗಳ ಗರಿಷ್ಠ ಮತ್ತು ಕನಿಷ್ಠ ಉಷ್ಣತೆ, ಗಾಳಿಯ ತೇವ, ಮಳೆಯ ಪ್ರಮಾಣ ಇವನ್ನು ಸಾಲಾಗಿ ಬರೆಯಬೇಕು. ಮನುಷ್ಯನಿಗೆ ಹಿತವಾದ ಮಿತಿಯೊಡನೆ ಹೋಲಿಸಿ, ಯಾವ ತಿಂಗಳು ಹಗಲು ಸೆಕೆ, ಯಾವ ತಿಂಗಳು ರಾತ್ರಿ ಸೆಕೆ ಎಂದು ಗುರುತಿಸಬೇಕು. ಆ ಗುರುತುಗಳನ್ನು ಎಣಿಸಿದರೆ ಗೋಡೆ ದಪ್ಪವಿರಬೇಕೋ ತೆಳುವೋ, ಕಿಟಕಿ ದೊಡ್ಡದೋ ಸಣ್ಣದೋ, ಕೊಠಡಿಗಳು ಒಂದೇ ಸಾಲಿನಲ್ಲಿರಬೇಕೋ ಎಂಬುದಕ್ಕೆ ಉತ್ತರ ದೊರೆಯುತ್ತದೆ. ಪ್ರೌಢಶಾಲೆಯ ಬಾಲಕ ಬಾಲಿಕೆಯರೂ ಮಾಡಬಹುದಾದ ಕೆಲಸವಿದು.

ನಗರಗಳ ನಿರ್ಮಾಣ

ಒಂದು ಕಟ್ಟಡಕ್ಕೆ ಹೇಗೋ ಹಾಗೆ ಒಂದು ನಗರಕ್ಕೂ ವಿಚಾರ ಬೇಕು. ೧೯೪೪-೪೫ರಲ್ಲಿ ಟಾಟಾ ಕಂಪೆನಿಯವರಿಗಾಗಿ ಕೋನಿಗ್ಸ್‌ಬರ್ಗರ್ ಉಕ್ಕಿನ ನಗರವಾದ ಜಮ್‌ಷೆಡ್‌ಪುರದ ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸಿದರು. ಒರಿಸ್ಸಾದ ರಾಜಧಾನಿಯನ್ನು ಕಟಕದಿಂದ ಭುವನೇಶ್ವರಕ್ಕೆ ಸಾಗಿಸಲು ನಿಶ್ಚಯವಾದಾಗ ೧೯೪೮ರಲ್ಲಿ ಹೊಸ ನಗರದ ನಕ್ಷೆಯನ್ನು ಬರೆದವರೂ ಅವರೇ. ಆ ವರ್ಷದ ಏಪ್ರಿಲ್ ೧೩ರಂದು ಪಂಡಿತ ಜವಾಹರಲಾಲ್ ನೆಹರೂ ಅವರು ಅದರ ಅಸ್ತಿಭಾರ ಕಲ್ಲನ್ನು ಇಟ್ಟರು.

ಭುವನೇಶ್ವರದ ನಕ್ಷೆಯಲ್ಲಿ ಗಮನಿಸತಕ್ಕ ಎರಡು ಅಂಶಗಳಿವೆ. ನಗರವನ್ನು ಅವರು ನೆರೆಹೊರೆಗಳಾಗಿ ವಿಂಗಡಿಸಿದರು. ಒಂದೊಂದು ನೆರೆಹೊರೆಗೂ ಅದರದೇ ಶಾಲೆ, ಅಂಗಡಿಬೀದಿ, ಆಟದ ಬಯಲು. ಮಗುವು ಮನೆಯಿಂದ ಶಾಲೆಗೆ ನಡೆದೇ ಹೋಗಿಬರುವಷ್ಟು ಹತ್ತಿರವಿರಬೇಕೆಂಬುದು ಅವರ ಅಳತೆಗೋಲು. ಎರಡನೆಯದಾಗಿ, ರಸ್ತೆಗಳನ್ನು ಏಳು ಬಗೆಯಾಗಿ ಮಾಡಿದರು. ಕೇವಲ ಕಾಲುದಾರಿಯಿಂದ ತೊಡಗಿ, ಬೈಸಿಕಲ್ಲಿನ ದಾರಿ, ಮನೆಗಳ ಬೀದಿ, ಹೀಗೆ ಮುಖ್ಯ ಹೆದ್ದಾರಿಯವರೆಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಕೆಲಸ. ವೇಗದ ವಾಹನವೂ ಆಡುವ ಮಗುವೂ ಒಂದೇ ದಾರಿಯಲ್ಲಿ ಇರಬಾರದೆಂಬುದು ಇದರ ತಾತ್ಪರ್ಯ. ಹೆದ್ದಾರಿಯನ್ನು ದಾಟಿ ಶಾಲೆಗೆ ಬರುವ ನಮ್ಮ ಚಿಕ್ಕ ಮಕ್ಕಳನ್ನು ದಿನವೂ ಗೇಟಿನ ಬಳಿ ನಿಂತು ಎದುರುನೋಡುವ ನನಗೆ ಈ ಮಾತಿನ ಬೆಲೆ ಗೊತ್ತು.

ಸೋಲು

ಮಹಾಪುರುಷರ ಗೆಲುವನ್ನು ಮಾತ್ರ ಬರೆದು ಸೋಲನ್ನು ಮರೆಮಾಚುವುದು ವಿದ್ಯಾರ್ಥಿಗಳಿಗೆ ಹಿತವಲ್ಲ. ೧೯೪೭ರ ದೇಶ ವಿಭಜನೆಯ ಫಲವಾಗಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಭಾರತಕ್ಕೆ ಬಂದರು. ಅವರಿಗೆ ಸೂರು ಒದಗಿಸುವ ಹೊಣೆ ಸರಕಾರದ ಮೇಲೆ ಬಿದ್ದಿತು. ತಾನೇ ನಿರಾಶ್ರಿತನಾಗಿ ಬಂದಿದ್ದ ಕೋನಿಗ್ಸ್‌ಬರ್ಗರ್ ೧೯೪೮ರಲ್ಲಿ ಭಾರತ ಸರಕಾರದ ವಸತಿ ನಿರ್ದೇಶಕರಾಗಿ ನೇಮಕಗೊಂಡರು. ಫರೀದಾಬಾದ್, ಗಾಂಧೀಧಾಮ ಮೊದಲಾದ ಹೊಸ ಊರುಗಳ ಕಾರ್ಯದಲ್ಲಿ ಅವರ ಕೈಯಿತ್ತು.

ಲಕ್ಷಗಟ್ಟಲೆ ಮನೆಗಳನ್ನು ಬೇಗನೆ ಕಟ್ಟಬೇಕಾಗಿದ್ದುದರಿಂದ, ಗೋಡೆಗಳನ್ನು ಕಾರ್ಖಾನೆಯಲ್ಲಿಯೇ ಎರಕ ಹೊಯ್ದು ತಂದು ಜೋಡಿಸುವ ವಿಧಾನವನ್ನು ಸರಕಾರ ಹಿಡಿಯಿತು. ಅದಕ್ಕಾಗಿ ದೆಹಲಿಯಲ್ಲಿ ಕಾರ್ಖಾನೆಯೊಂದು ಸ್ಥಾಪಿತವಾಯಿತು. ನೊರೆಗಾಂಕ್ರೀಟಿನ ಹಲಗೆಗಳು ಹಗುರವೂ ತಂಪೂ ಆಗಿರುವುವೆಂದು ಎಲ್ಲರೂ ನಂಬಿದ್ದರು. ಆದರೆ ಹಲಗೆಗಳು ಬಿರುಕು ಬಿಟ್ಟವು. ಹಣ ವೆಚ್ಚವಾಯಿತು, ಮನೆಗಳು ಏಳಲಿಲ್ಲ, ಪಾರ್ಲಿಮೆಂಟಿನಲ್ಲಿ ಟೀಕೆ ಎದ್ದಿತು. ಯೋಜನೆಯ ಹಿಂದಿದ್ದ ಕೋನಿಗ್ಸ್‌ಬರ್ಗರರ ಮೇಲೂ ಅದರ ಅಪವಾದ ಬಿದ್ದಿತು. ೧೯೫೧ರಲ್ಲಿ ಅವರು ಹನ್ನೆರಡು ವರ್ಷಗಳ ಸೇವೆಯನ್ನು ಮುಗಿಸಿ ಭಾರತವನ್ನು ಬಿಟ್ಟು ಲಂಡನ್ನಿಗೆ ತೆರಳಿದರು.

ಉದ್ದೇಶ ಒಳ್ಳೆಯದಾಗಿರುವುದೊಂದೇ ಸಾಲದೆಂಬುದಕ್ಕೆ ಇದು ನಿದರ್ಶನ. ಮೈಸೂರಿನಲ್ಲಿ ಊರಿನ ಕಲ್ಲು ಇಟ್ಟಿಗೆಗಳಿಂದ ಕಟ್ಟಿದುದು ನಿಂತಿತು. ಬೇರೆ ಹವೆಯ ನಾಡಿನಿಂದ ತಂದ ಯಂತ್ರವಿಧಾನ ಇಲ್ಲಿ ಬೇರೂರಲಿಲ್ಲ. ಹವೆಗೆ ತಕ್ಕಂತೆ ಕಟ್ಟಬೇಕೆಂದು ಬಲ್ಲವರೇ ಅವಸರದಲ್ಲಿ ಎಡವಿದರು. ನಮ್ಮಂಥವರು ಎಡವುವುದರಲ್ಲಿ ಆಶ್ಚರ್ಯವೇನು?

ಗುರುವಾಗಿ

ಎಡವಿದ ಬಳಿಕ ಅವರು ಸುಮ್ಮನೆ ಕೂರಲಿಲ್ಲ. ಭಾರತದಲ್ಲಿ ಕಲಿತುದನ್ನು ಇತರರಿಗೆ ಕಲಿಸಲು ನಿಂತರು. ಇಂಗ್ಲೆಂಡಿನಲ್ಲಿ ಕಲಿಯುತ್ತಿದ್ದ ಆಫ್ರಿಕ, ಏಷ್ಯಗಳ ವಿದ್ಯಾರ್ಥಿಗಳಿಗೆ ಅಲ್ಲಿ ದೊರೆಯುತ್ತಿದ್ದುದು ಚಳಿನಾಡಿನ ಮನೆಯ ಪಾಠ; ಅವರು ಊರಿಗೆ ಮರಳಿ ಕಟ್ಟಬೇಕಾದುದು ಬಿಸಿನಾಡಿನ ಮನೆ. ಈ ಕೊರತೆಯನ್ನು ನೀಗಲು ೧೯೫೪ರಲ್ಲಿ ಲಂಡನ್ನಿನ ವಾಸ್ತುಶಿಲ್ಪ ಶಾಲೆಯೊಂದರಲ್ಲಿ ಉಷ್ಣವಲಯದ ವಾಸ್ತುಶಿಲ್ಪಕ್ಕೆಂದೇ ಒಂದು ವಿಭಾಗ ತೆರೆಯಲ್ಪಟ್ಟಿತು. ೧೯೫೭ರಲ್ಲಿ ಕೋನಿಗ್ಸ್‌ಬರ್ಗರ್ ಅದರ ಮುಖ್ಯಸ್ಥರಾದರು. ೧೯೭೧ರಲ್ಲಿ ಅದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ೧೯೬೩ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಸಿಂಗಪುರಕ್ಕೆ ಹೋದ ಮೂವರು ತಜ್ಞರಲ್ಲಿ ಅವರೊಬ್ಬರು. ಸಹೋದ್ಯೋಗಿಗಳೊಡನೆ ೧೯೭೦ರ ದಶಕದಲ್ಲಿ ಅವರು ಹೊರತಂದ ಉಷ್ಣವಲಯದ ಗೃಹನಿರ್ಮಾಣದ ಕೈಪಿಡಿಯನ್ನು ಭಾರತದ ವಾಸ್ತುಶಿಲ್ಪ ಕಾಲೇಜುಗಳ ವಿದ್ಯಾರ್ಥಿಗಳೂ ಓದುತ್ತ ಬಂದಿದ್ದಾರೆ.

ನಗರದ ಯೋಜನೆಯೆಂದರೆ ಒಮ್ಮೆಗೆ ಬರೆದು ಮುಗಿಸಿ ಗೋಡೆಗೆ ತೂಗುಹಾಕುವ ಚಿತ್ರವಲ್ಲ. ಕೈಲಾದ ಕೆಲಸವನ್ನು ಮೊದಲು ಹಿಡಿದು, ಫಲವನ್ನು ಪರೀಕ್ಷಿಸಿ, ತಿದ್ದಿಕೊಂಡು ಮುಂದುವರಿಯುವ ಕ್ರಮ ಎಂಬುದು ಅವರ ಪ್ರೌಢ ವಯಸ್ಸಿನ ಬೋಧೆ. ೧೯೯೯ರ ಜನವರಿ ೩ರಂದು, ತೊಂಬತ್ತು ವರ್ಷ ತುಂಬಿದ ಅವರು ಲಂಡನ್ನಿನಲ್ಲಿ ಕಾಲವಶರಾದರು.

ನಾವು ಮಾಡಬೇಕಾದುದು

ರಾಜ್ಯಗಳ ಎಲ್ಲೆಗಳು ಬದಲಾದಾಗ ಗಡಿಯ ಈಚೆಗೆ ಉಳಿದ ಕನ್ನಡಿಗರು ನಾವು. ಕನ್ನಡದಲ್ಲಿ ಕಲಿತರೆ ಈ ನಾಡಿನಲ್ಲಿ ನಮ್ಮ ಮಕ್ಕಳಿಗೆ ಸ್ಥಾನವೆಲ್ಲಿ ಎಂದು ಕೆಲವು ಪೋಷಕರು ನನ್ನೊಡನೆ ಚಿಂತೆಯಿಂದ ಕೇಳುವುದುಂಟು. ಆ ಚಿಂತೆ ಸುಳ್ಳಲ್ಲ. ಕೋನಿಗ್ಸ್‌ಬರ್ಗರರ ಕಥೆ ಅದಕ್ಕೆ ಪೂರ್ಣ ಉತ್ತರವಾಗದು. ಆದರೂ ಒಂದು ಧೈರ್ಯವನ್ನು ಕೊಡುತ್ತದೆ. ಹುಟ್ಟಿದ ನಾಡೇ ಬೇಡವೆಂದಾಗಲೂ ಆತನು ಕೈಯಲ್ಲಿದ್ದ ವಿದ್ಯೆಯನ್ನು ಬಿಡಲಿಲ್ಲ. ತಾನು ನಿಂತ ನೆಲದ ಬಿಸಿಲು, ಗಾಳಿ, ಮಣ್ಣುಗಳನ್ನು ಅರಿತು ಅಲ್ಲಿಯ ಜನರಿಗೆ ಉಪಯುಕ್ತನಾದನು. ಇರುವ ಊರನ್ನು ಚೆನ್ನಾಗಿ ಬಲ್ಲವನನ್ನು ಆ ಊರು ಬಹುಕಾಲ ಹೊರಗಿನವನೆಂದು ಕಾಣಲಾರದು.

ಈ ವರ್ಷ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ನಾನೊಂದು ಕೆಲಸವನ್ನು ಒಪ್ಪಿಸುತ್ತಿದ್ದೇನೆ. ಪ್ರತಿ ತಿಂಗಳೂ ಒಂದು ದಿನ, ಬೆಳಗ್ಗೆ ಹತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ಮೂರು ಗಂಟೆಗಳಿಗೆ ಪ್ರತಿಯೊಂದು ಕೊಠಡಿಯ ಉಷ್ಣತೆಯನ್ನು ಉಷ್ಣಮಾಪಕದಿಂದ ಅಳೆದು, ಬಿಸಿಲು ನೆಲದ ಮೇಲೆ ಎಲ್ಲಿಯವರೆಗೆ ಬಂದಿತೆಂಬುದನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ಪಟ್ಟಿಯಲ್ಲಿ ಬರೆಯಬೇಕು. ಹೊಸ ಕೊಠಡಿಗಳ ನಕ್ಷೆಯನ್ನು ಸಂಘದ ಸಭೆಯ ಮುಂದಿಡುವಾಗ ಈ ಪಟ್ಟಿಯನ್ನೂ ಇಡಲಾಗುವುದು. ಪೋಷಕರಲ್ಲಿ ಗಾರೆ ಕೆಲಸ, ಮರಗೆಲಸ ಬಲ್ಲವರು ಅನೇಕರಿದ್ದಾರೆ. ಅವರೂ ದಯಮಾಡಿ ಬಂದು ತಮ್ಮ ಅನುಭವವನ್ನು ಹೇಳಬೇಕೆಂದು ಪ್ರಾರ್ಥಿಸುತ್ತೇನೆ. ಪಡುವಣ ಕೊಠಡಿಯ ಕಿಟಕಿಗಳನ್ನು ಮುಚ್ಚಿಸಿ ಉತ್ತರಕ್ಕೆ ತೆರೆಯಿಸುವ ವೆಚ್ಚವನ್ನೂ ಅದೇ ಸಭೆಯಲ್ಲಿ ವಿಚಾರಿಸೋಣ. ಅಲ್ಲಿಯವರೆಗೆ ಆ ಗೋಡೆಯ ಹೊರಗೆ ಬೇವಿನ ಸಸಿಗಳನ್ನು ನೆಡುವ ಕೆಲಸ ನನ್ನ ಪಾಲಿಗಿರಲಿ.